ತಂಡದ ಪಟ್ಟಿಯಲ್ಲಿ ಯಾರ ಹೆಸರು: ಗ್ರಾಮೀಣ ಯುವ ಸಂಘಗಳ ಸ್ಪರ್ಧೆಗಳು ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಚಳ್ಳಕೆರೆ ಹಾಗೂ ಮೊಳಕಾಲ್ಮೂರು ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಲಾದ ಉಪನ್ಯಾಸದ ಪಠ್ಯ)



ತಾಲ್ಲೂಕು ಮಟ್ಟದ ದಸರಾ ಕ್ರೀಡಾಕೂಟದ ಸುತ್ತೋಲೆಯು ಗ್ರಾಮ ಪಂಚಾಯಿತಿ ಕಚೇರಿಗೆ ತಲುಪಿದ ನಂತರ ಏನು ನಡೆಯುತ್ತದೆ ಎಂಬುದು ಇಲ್ಲಿರುವ ಯಾವ ಸದಸ್ಯರಿಗೂ ಹೊಸದಲ್ಲ. ಸುತ್ತೋಲೆ ಸೂಚನಾ ಫಲಕಕ್ಕೆ ಏರುತ್ತದೆ. ಪರಿಚಯದ ಯುವಕ ಸಂಘದ ಅಧ್ಯಕ್ಷರಿಗೆ ಒಂದು ದೂರವಾಣಿ ಕರೆ ಹೋಗುತ್ತದೆ. ಆ ಸಂಜೆಯೇ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕಬಡ್ಡಿ ತಂಡ ಸಿದ್ಧವಾಗುತ್ತದೆ. ಬನಿಯನ್ನಿನ ಬೆನ್ನಿಗೆ ದಾನಿಗಳ ಹೆಸರು ಅಚ್ಚಾಗುತ್ತದೆ. ಮರುದಿನ ಬೆಳಿಗ್ಗೆ ಒಂದು ಟೆಂಪೋ ಹೊರಡುತ್ತದೆ. ಮೊದಲ ಪಂದ್ಯದಲ್ಲಿ ಸೋತರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಎಲ್ಲರೂ ಊರು ಸೇರುತ್ತಾರೆ; ಗೆದ್ದರೆ ರಾತ್ರಿ ಪಟಾಕಿ ಸದ್ದಾಗುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ಮುಂದಿನ ವರ್ಷದ ಸುತ್ತೋಲೆ ಬರುವವರೆಗೆ ಆ ತಂಡವು ಮತ್ತೊಮ್ಮೆ ಒಂದೆಡೆ ನಿಲ್ಲುವುದಿಲ್ಲ.

ಈ ಉಪನ್ಯಾಸದ ವಿಷಯ ಆ ಸಂಜೆಯ ಪಟ್ಟಿ. ಅದನ್ನು ಯಾರು ಬರೆದರು, ಯಾರ ಎದುರಿಗೆ ಬರೆದರು, ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿರುವ ಯಾವ ಹಟ್ಟಿ, ಯಾವ ತಾಂಡಾ, ಯಾವ ಕಾಲೋನಿಯ ಹೆಸರು ಅದರಲ್ಲಿ ಬರಲೇ ಇಲ್ಲ ಎಂಬುದು ಪಂದ್ಯದ ಫಲಿತಾಂಶಕ್ಕಿಂತ ಮುಖ್ಯವಾದ ಸಂಗತಿ. ಕಪ್ಪು ಊರಿಗೆ ಬರದಿದ್ದರೆ ನಷ್ಟವೇನೂ ಇಲ್ಲ. ಆದರೆ ಓಡಬಲ್ಲ ಹುಡುಗನೊಬ್ಬನಿಗೆ ಓಟದ ಸುದ್ದಿಯೇ ತಲುಪಲಿಲ್ಲವೆಂದರೆ, ಆ ತಪ್ಪನ್ನು ಕ್ರೀಡಾ ಇಲಾಖೆಯ ಮೇಲೆ ಹೊರಿಸಲಾಗದು. ಆ ಸುದ್ದಿ ಪಂಚಾಯಿತಿಯ ಗೋಡೆಯವರೆಗೆ ಬಂದಿತ್ತು.

ಸಂವಿಧಾನದ ಹನ್ನೊಂದನೆಯ ಅನುಸೂಚಿಯು ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹೆಸರಿಸುತ್ತದೆ. ಗ್ರಂಥಾಲಯ, ಸಾಂಸ್ಕೃತಿಕ ಚಟುವಟಿಕೆ, ಸಂತೆ–ಜಾತ್ರೆ ಆ ಪಟ್ಟಿಯಲ್ಲಿವೆ. ಕ್ರೀಡೆ ಎಂಬ ಪದ ಪ್ರತ್ಯೇಕವಾಗಿ ಇಲ್ಲ. ಇದನ್ನೇ ಕಾರಣವಾಗಿಟ್ಟುಕೊಂಡು ಆಟ ತಮ್ಮ ಕೆಲಸವಲ್ಲವೆಂದು ಕೆಲವೆಡೆ ಕೈತೊಳೆದುಕೊಳ್ಳುವುದುಂಟು. ಆದರೆ ಆಟಕ್ಕೆ ಬೇಕಾದ ಜಾಗ, ನೀರು, ದೀಪ, ದಾರಿ, ಶೌಚಾಲಯ ಇವೆಲ್ಲವೂ ಗ್ರಾಮ ಪಂಚಾಯಿತಿಯ ಕೈಯಲ್ಲಿವೆ. ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಅಧಿನಿಯಮ 2005ರ ಅನುಸೂಚಿಯಲ್ಲಿ ಆಟದ ಮೈದಾನವೂ ಅನುಮತಿಸಲ್ಪಟ್ಟ ಕಾಮಗಾರಿಯಾಗಿತ್ತು. ಸ್ವಾಮಿ ವಿವೇಕಾನಂದರ ಜನ್ಮದಿನವಾದ ಜನವರಿ 12ನ್ನು 1985ರಿಂದ ರಾಷ್ಟ್ರೀಯ ಯುವ ದಿನವಾಗಿ ಆಚರಿಸಲಾಗುತ್ತಿದೆ. ಆ ದಿನ ಭಾವಚಿತ್ರಕ್ಕೆ ಹಾರ ಹಾಕುವುದರೊಂದಿಗೆ ಕಾರ್ಯಕ್ರಮ ಮುಗಿಯುವ ಊರುಗಳಲ್ಲಿ ಉಳಿದ ದಿನಗಳಂದು ಯುವಕರಿಗೆ ನಿಲ್ಲಲು ಇರುವ ಜಾಗ ಯಾವುದು ಎಂದು ಸದಸ್ಯರು ಒಮ್ಮೆ ಸುತ್ತಾಡಿ ನೋಡಬಹುದು.

ಜಾಗದ ಮಾತು ಬಂದಾಗ ಮೊದಲು ಕೇಳಿಬರುವುದು ಮೈದಾನಕ್ಕೆ ಭೂಮಿಯೇ ಇಲ್ಲವೆಂಬ ದೂರು. ಈ ದೂರಿಗೆ ಅಳತೆಯ ಮೂಲಕವೇ ಉತ್ತರಿಸುವುದು ಒಳಿತು. 400 ಮೀಟರಿನ ಪೂರ್ಣ ಓಟದ ಪಥ ಬೇಕೆಂದರೆ ಸುಮಾರು 4 ಎಕರೆ ಸಮತಟ್ಟಾದ ಭೂಮಿ ಬೇಕು. ಅದು ತಾಲ್ಲೂಕು ಕೇಂದ್ರದ ಮಾತು. ಹಳ್ಳಿಯ ತಂಡಗಳು ನಿಜವಾಗಿ ಆಡುವ ಆಟಗಳ ಲೆಕ್ಕ ಬೇರೆ. ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರದ್ದು 12 ಮತ್ತು 8. ಸುತ್ತಲೂ 4 ಮೀಟರ್ ಬಿಟ್ಟರೂ 378 ಚದರ ಮೀಟರ್ ಸಾಕು. ವಾಲಿಬಾಲ್ ಅಂಕಣ 18 ಮತ್ತು 9 ಮೀಟರ್; ಸುತ್ತಲೂ 3 ಮೀಟರ್ ಸೇರಿಸಿದರೆ 360 ಚದರ ಮೀಟರ್. ಖೊಖೊ ಅಂಕಣ 27 ಮತ್ತು 16 ಮೀಟರ್. ಅದಕ್ಕೂ 3 ಮೀಟರ್ ಅಂಚು ಬಿಟ್ಟರೆ 726 ಚದರ ಮೀಟರ್. ಮೂರನ್ನೂ ಕೂಡಿಸಿದರೆ 1464 ಚದರ ಮೀಟರ್, ಎಂದರೆ 15 ಗುಂಟೆಯೊಳಗೆ. ನೆರಳಿಗೆ ಬೇವು, ಹೊಂಗೆ ನೆಡಲು, ಒಂದು ನೀರಿನ ತೊಟ್ಟಿ ಇಡಲು ಇನ್ನೈದು ಗುಂಟೆ ಸೇರಿಸಿದರೂ ಅರ್ಧ ಎಕರೆಗೆ ಮೀರದು. ಅರ್ಧ ಎಕರೆ ಸರ್ಕಾರಿ ಜಾಗ ಯಾವ ಗ್ರಾಮ ಪಂಚಾಯಿತಿಯಲ್ಲೂ ಇಲ್ಲವೆನ್ನುವುದು ನಂಬಲು ಕಷ್ಟ. ಇರುವ ಜಾಗ ತಿಪ್ಪೆಗೋ, ಬಣವೆಗೋ, ಯಾರದ್ದೋ ಹೊಲದ ಬದುವಿಗೋ ಸಂದುಹೋಗಿರಬಹುದು. ಕರ್ನಾಟಕ ಭೂ ಕಂದಾಯ ಅಧಿನಿಯಮ 1964ರ ಪ್ರಕರಣ 71ರ ಅಡಿ ಸರ್ಕಾರಿ ಭೂಮಿಯನ್ನು ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸಲು ಅವಕಾಶವಿದೆ. ನಿರ್ಣಯ, ನಕಾಶೆ ಮತ್ತು ಸರ್ವೆ ನಂಬರಿನೊಂದಿಗೆ ತಹಶೀಲ್ದಾರರ ಮೂಲಕ ಪ್ರಸ್ತಾವನೆ ಹೋಗಬೇಕು. ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಮೈದಾನವು ಮುಂದಿನ ಚುನಾವಣೆಯವರೆಗೂ ಉಳಿಯುವುದಿಲ್ಲ.

ಅಂಕಣದ ಉದ್ದ ಉತ್ತರ–ದಕ್ಷಿಣವಾಗಿರಲಿ. ಸಂಜೆ ಐದರ ಬಿಸಿಲು ಕಣ್ಣಿಗೆ ನೇರ ಹೊಡೆಯುವ ದಿಕ್ಕಿನಲ್ಲಿ ವಾಲಿಬಾಲ್ ಬಲೆ ಕಟ್ಟಿದರೆ ಒಂದು ಬದಿಯ ತಂಡ ಚೆಂಡನ್ನೇ ಕಾಣದು. ನೂರು ಮೀಟರಿಗೆ ಒಂದು ಮೀಟರಿನಷ್ಟು ಇಳಿಜಾರು ಕೊಟ್ಟರೆ ಮಳೆನೀರು ನಿಲ್ಲುವುದಿಲ್ಲ. ಎರೆಭೂಮಿಯಾದರೆ ಮೇಲ್ಮಣ್ಣು ತೆಗೆದು ಗರಸು ಹಾಸಿ, ಅದರ ಮೇಲೆ ಸಣ್ಣ ಕೆಂಪು ಮಣ್ಣು ಹರಡಿ, ನೀರು ಹೊಡೆದು ರೋಲರ್ ಎಳೆಯಬೇಕು. ಇಲ್ಲವಾದರೆ ಬೇಸಿಗೆಯಲ್ಲಿ ಬಿರುಕಿಗೆ ಕಾಲು ಸಿಕ್ಕಿ ಹಿಮ್ಮಡಿ ತಿರುಚುತ್ತದೆ, ಮಳೆಗಾಲದಲ್ಲಿ ಅಂಕಣವೇ ಅಂಗಾಲಿಗೆ ಅಂಟಿಕೊಂಡು ಬರುತ್ತದೆ. ಕಲ್ಲು ಆರಿಸುವ ಕೆಲಸವನ್ನು ಗುತ್ತಿಗೆಗೆ ಕೊಡದೆ ಯುವ ಸಂಘಗಳಿಗೇ ಬಿಡುವುದು ಮೇಲು. ತಾನು ಕಲ್ಲು ಆರಿಸಿದ ಅಂಕಣದಲ್ಲಿ ಯಾರೂ ಬಾಟಲಿ ಒಡೆಯುವುದಿಲ್ಲ.

ಇನ್ನು ಸಂಘಗಳ ವಿಚಾರ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಅನ್ವಯ ಒಂದು ಸಂಘ ಕಟ್ಟಲು ಕನಿಷ್ಠ 7 ಮಂದಿ ಸಾಕು. ಕಬಡ್ಡಿ ಅಂಕಣದಲ್ಲಿ ಒಂದು ಬದಿಗೆ ನಿಲ್ಲುವವರೂ 7 ಮಂದಿಯೇ. ಈ ಕಾಕತಾಳೀಯವೇ ಅನೇಕ ಸಂಘಗಳ ಪೂರ್ಣ ಚರಿತ್ರೆಯಾಗಿದೆ: ಏಳು ಗೆಳೆಯರು, ಒಂದು ಮುದ್ರೆ, ಒಂದು ನಾಮಫಲಕ. ಒಂದೇ ಗ್ರಾಮ ಪಂಚಾಯಿತಿಯಲ್ಲಿ ಊರೊಳಗಿನವರಿಗೊಂದು, ನಾಯಕರ ಹಟ್ಟಿಗೊಂದು, ಗೊಲ್ಲರಹಟ್ಟಿಗೊಂದು, ಲಂಬಾಣಿ ತಾಂಡಾಕ್ಕೊಂದು, ಪರಿಶಿಷ್ಟರ ಕಾಲೋನಿಗೊಂದು ಸಂಘವಿರುವುದು ಅಸಹಜವಲ್ಲ. ಹತ್ತಿರದವರೇ ಮೊದಲು ಜೊತೆಗೂಡುತ್ತಾರೆ. ತೊಂದರೆ ಬರುವುದು ತಾಲ್ಲೂಕಿಗೆ ಪಂಚಾಯಿತಿಯ ಹೆಸರಿನಲ್ಲಿ ಒಂದೇ ತಂಡ ಹೋಗಬೇಕಾದಾಗ. ಆಗ ಕಚೇರಿಗೆ ಹತ್ತಿರವಿರುವ ಸಂಘವೇ ಇಡೀ ಪಂಚಾಯಿತಿಯೆಂದು ಎಣಿಸಲ್ಪಡುತ್ತದೆ. 2014ರ ರಾಷ್ಟ್ರೀಯ ಯುವ ನೀತಿಯು 15ರಿಂದ 29 ವರ್ಷದವರನ್ನು ಯುವಜನರೆಂದು ಪರಿಗಣಿಸಿದೆ. ನಲವತ್ತು ದಾಟಿದ ಯುವಕ ಸಂಘದ ಅಧ್ಯಕ್ಷರ ಬಗ್ಗೆ ಇಲ್ಲಿ ಹೆಚ್ಚಿಗೆ ಹೇಳಬೇಕಾಗಿಲ್ಲ. ಅವರು ತರಬೇತುದಾರರಾದರೆ ಎಲ್ಲರಿಗೂ ಕ್ಷೇಮ.

ಒಂದು ಗ್ರಾಮ ಪಂಚಾಯಿತಿಯನ್ನು ಊಹಿಸಿಕೊಳ್ಳೋಣ. ಮೂರು ಊರು, ಎರಡು ಹಟ್ಟಿ, ಒಂದು ತಾಂಡಾ. ಐದು ಸಂಘಗಳಿವೆ. ಸುತ್ತೋಲೆ ಬರುವುದಕ್ಕೆ ಒಂದು ತಿಂಗಳು ಮುಂಚೆಯೇ ಸದಸ್ಯರು ತಮ್ಮ ತಮ್ಮ ವಾರ್ಡ್ ಸಭೆಯಲ್ಲಿ ಆಯ್ಕೆ ಪಂದ್ಯದ ದಿನಾಂಕವನ್ನು ಪ್ರಕಟಿಸುತ್ತಾರೆ. ಐದು ಸಂಘಗಳೂ ಪರಸ್ಪರ ಆಡುತ್ತವೆ. ಒಂದೊಂದು ತಂಡ ಉಳಿದ ನಾಲ್ಕರೊಡನೆ ಆಡಿದರೆ ಒಟ್ಟು 10 ಪಂದ್ಯ. ನಲವತ್ತು ನಿಮಿಷದ ಕಬಡ್ಡಿ, ನಡುವಿನ ವಿರಾಮ ಸೇರಿ ಒಂದು ಗಂಟೆಯೆಂದರೂ ಎರಡು ಭಾನುವಾರದ ಸಂಜೆಗಳಲ್ಲಿ ಮುಗಿಯುತ್ತದೆ. ಆದರೆ ಕೊನೆಯಲ್ಲಿ ಗೆದ್ದ ಸಂಘವನ್ನೇ ಇಡಿಯಾಗಿ ತಾಲ್ಲೂಕಿಗೆ ಕಳುಹಿಸುವುದಲ್ಲ. ಐದೂ ಸಂಘಗಳ ಆಟವನ್ನು ನೋಡಿದ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು, ಹಿರಿಯ ಆಟಗಾರರಿಬ್ಬರು ಕೂಡಿ 12 ಹೆಸರನ್ನು ಆರಿಸುತ್ತಾರೆ. ದಾಳಿಗೆ ಹಟ್ಟಿಯ ಹುಡುಗ, ಮೂಲೆ ಕಾಯಲು ತಾಂಡಾದವನು, ಸರಪಳಿ ಹಿಡಿತಕ್ಕೆ ಕಾಲೋನಿಯವನು. ಕೈಕೈ ಹಿಡಿದು ನಿಲ್ಲದೆ ಕಬಡ್ಡಿಯಲ್ಲಿ ದಾಳಿಗಾರನನ್ನು ತಡೆಯಲಾಗದು. ಯಾರ ಕೈ ಹಿಡಿಯಬಹುದು, ಯಾರ ಕೈ ಹಿಡಿಯಬಾರದು ಎಂಬ ಎಣಿಕೆ ಇನ್ನೂ ಉಳಿದಿರುವ ಊರಿನಲ್ಲಿ ಈ ಒಂದು ನಿಯಮ ಎಷ್ಟು ದೊಡ್ಡದೆಂಬುದನ್ನು ಸದಸ್ಯರು ಬಲ್ಲರು.

ಇದು ಸುಲಭವಾಗಿ ನಡೆಯುತ್ತದೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಮೊದಲ ವರ್ಷ ಗೆದ್ದ ಸಂಘ ಮುನಿಸಿಕೊಳ್ಳುತ್ತದೆ. ಕಪ್ಪು ತಮ್ಮದು, ತಂಡ ಮಾತ್ರ ಎಲ್ಲರದ್ದು ಏಕೆಂದು ಕೇಳುತ್ತದೆ. ಸದಸ್ಯರ ಮನೆ ಬಾಗಿಲಿಗೆ ಬರುತ್ತದೆ. ಆ ಮನೆಯ ಹುಡುಗನೇ ಆ ತಂಡದಲ್ಲಿದ್ದರೆ ಇನ್ನೂ ಕಷ್ಟ. ಆಯ್ಕೆ ಸಮಿತಿಯಲ್ಲಿ ಸದಸ್ಯರು ಕೂರದಿರುವುದೇ ಇದಕ್ಕೆ ಇರುವ ಮದ್ದು. ದಿನಾಂಕ ಗೊತ್ತುಮಾಡುವುದು, ಸುದ್ದಿ ಎಲ್ಲ ವಾರ್ಡಿಗೂ ತಲುಪಿತೇ ಎಂದು ನೋಡುವುದು, ಪಟ್ಟಿಯನ್ನು ಗೋಡೆಗೆ ಅಂಟಿಸುವುದು ಸದಸ್ಯರ ಕೆಲಸ; ಯಾರು ಆಡಬೇಕೆಂದು ಹೇಳುವುದು ಆಟ ಬಲ್ಲವರ ಕೆಲಸ. ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯ ಮುಂದೆ ಆ ಪಟ್ಟಿ ಒಮ್ಮೆ ಬಂದರೆ ಸಾಕು. ಬಿಟ್ಟುಹೋದ ವಾರ್ಡಿನವರು ಅಲ್ಲಿಯೇ ಪ್ರಶ್ನಿಸುತ್ತಾರೆ.

ಈಚೆಗೆ ಹೊನಲು ಬೆಳಕಿನ ಪಂದ್ಯಾವಳಿಗಳು ಹೆಚ್ಚಿವೆ. ಪ್ರೊ ಕಬಡ್ಡಿ 2014ರಲ್ಲಿ ದೂರದರ್ಶನದ ಪರದೆಗೆ ಬಂದ ಮೇಲೆ ಹಳ್ಳಿಯ ಆಟಕ್ಕೆ ಹೊಸ ಹುಮ್ಮಸ್ಸು ಬಂದಿತು, ಅದು ಒಳ್ಳೆಯದೇ. ಆದರೆ ಪ್ರವೇಶ ಶುಲ್ಕ ಕಟ್ಟಿ, ಬೇರೆ ಜಿಲ್ಲೆಯಿಂದಲೋ ಗಡಿಯಾಚೆಯ ರಾಯದುರ್ಗದ ಕಡೆಯಿಂದಲೋ ಆಟಗಾರರನ್ನು ಒಂದು ರಾತ್ರಿಗೆ ಕರೆತಂದು, ಊರಿನ ಹೆಸರಿನ ಬನಿಯನ್ನು ತೊಡಿಸಿ ಆಡಿಸಿದಾಗ ಊರಿನ ಹುಡುಗರು ಬೇಲಿಯಾಚೆ ನಿಂತು ಸಿಳ್ಳೆ ಹೊಡೆಯುವುದಷ್ಟೇ ಉಳಿಯುತ್ತದೆ. ಆಳೆತ್ತರದ ಟ್ರೋಫಿಯನ್ನು ಇಡಲು ಸಂಘದ ಕೋಣೆಯಲ್ಲಿ ಜಾಗವೂ ಇರುವುದಿಲ್ಲ. ಅನುಮತಿ ಕೇಳಲು ಬಂದ ಸಂಘದವರನ್ನು ಸದಸ್ಯರು ಕೇಳಬೇಕಾದ ಪ್ರಶ್ನೆ ಬಹುಮಾನದ ಮೊತ್ತದ್ದಲ್ಲ: ದೀಪದ ತಂತಿ ಎಲ್ಲಿಂದ ಎಳೆಯಲಾಗಿದೆ, ಜನ ಕೂರುವ ಅಟ್ಟಣಿಗೆ ಕಟ್ಟಿದವರು ಯಾರು, ಗಾಯವಾದರೆ 108 ವಾಹನ ಅಂಕಣದ ಪಕ್ಕಕ್ಕೆ ಬರಲು ದಾರಿಯಿದೆಯೇ, ಊರಿನ ಎಷ್ಟು ಹುಡುಗರು ಆಡುತ್ತಾರೆ.

ಹೆಣ್ಣುಮಕ್ಕಳ ತಂಡದ ವಿಷಯಕ್ಕೆ ಹೆಚ್ಚು ಹೊತ್ತು ಬೇಕು. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಈ ಸಭೆಯನ್ನು ನೋಡಿದರೇ ಅದು ತಿಳಿಯುತ್ತದೆ. ಅದೇ ಊರಿನ ಯುವ ಸಂಘಗಳ ತಂಡದ ಪಟ್ಟಿಗಳನ್ನು ತೆರೆದರೆ ಅರ್ಧವಿರಲಿ, ಒಂದು ಹೆಣ್ಣಿನ ಹೆಸರೂ ಸಿಗದಿರಬಹುದು. ಪ್ರೌಢಶಾಲೆಯವರೆಗೆ ಖೊಖೊ ಆಡಿ ವಲಯ ಮಟ್ಟದಲ್ಲಿ ಗೆದ್ದ ಹುಡುಗಿ, ಹತ್ತನೆಯ ತರಗತಿ ಮುಗಿದ ಬೇಸಿಗೆಯಿಂದ ಮೈದಾನದಲ್ಲಿ ಕಾಣಿಸುವುದಿಲ್ಲ. ಮೊಳಕಾಲ್ಮೂರಿನ ನೇಕಾರರ ಮನೆಯಾದರೆ ಅವಳು ಮಗ್ಗದ ಪಕ್ಕ ಕಂಡಿಕೆ ಸುತ್ತುತ್ತಿರುತ್ತಾಳೆ. ಚಳ್ಳಕೆರೆಯ ಹೊಲದ ಮನೆಯಾದರೆ ಶೇಂಗಾ ಕೀಳುವ, ಕಾಯಿ ಬಿಡಿಸುವ ಕೆಲಸದಲ್ಲಿರುತ್ತಾಳೆ. ಆಟ ಮರೆತದ್ದಲ್ಲ, ಕರೆಯುವವರಿಲ್ಲ.

2025ರ ಜನವರಿಯಲ್ಲಿ ನವದೆಹಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್ಪನ್ನು ಭಾರತದ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ ಗೆದ್ದವು. ಎರಡೂ ಅಂತಿಮ ಪಂದ್ಯಗಳಲ್ಲಿ ಎದುರಾಳಿ ನೇಪಾಳ. ಮಹಿಳೆಯರ ತಂಡದಲ್ಲಿದ್ದ ಬಿ. ಚೈತ್ರಾ ಅವರು ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಖೊಖೊ ಆಟಕ್ಕೆ ಬೇಕಾದದ್ದು ಎರಡು ಕಂಬ, ಸುಣ್ಣದ ಪುಡಿ ಮತ್ತು ಸಮತಟ್ಟಾದ ನೆಲ. ಬ್ಯಾಟು, ಬಲೆ, ಚೆಂಡು ಯಾವುದೂ ಬೇಡ. ಮೈದಾನದಲ್ಲಿ 9 ಮಂದಿ. ಬೆನ್ನಟ್ಟುವ ತಂಡದ 8 ಮಂದಿ ಸಾಲಾಗಿ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಮುಖ ಮಾಡಿ ಕುಳಿತಿರುತ್ತಾರೆ, ಒಂಬತ್ತನೆಯವಳು ಓಡುತ್ತಾಳೆ. ಮಳೆ ಕಡಿಮೆಯಿರುವ, ಹಣವೂ ಕಡಿಮೆಯಿರುವ ತಾಲ್ಲೂಕುಗಳಿಗೆ ಇದಕ್ಕಿಂತ ಒಪ್ಪುವ ಆಟ ಬೇರೊಂದಿಲ್ಲ.

ಆದರೆ ಕಂಬ ನೆಟ್ಟ ಮಾತ್ರಕ್ಕೆ ಹೆಣ್ಣುಮಕ್ಕಳು ಬರುವುದಿಲ್ಲ. ಮೈದಾನ ಊರ ಹೊರಗಿನ ಕತ್ತಲಿನಲ್ಲಿದ್ದರೆ ತಾಯಂದಿರು ಕಳುಹಿಸುವುದಿಲ್ಲ, ಮತ್ತು ಅವರು ಕಳುಹಿಸದಿರುವುದು ಸರಿಯೇ. ಅಭ್ಯಾಸಕ್ಕೆ ಶಾಲೆಯ ಅಂಗಳ ಮೇಲು; ಅದಕ್ಕೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಶಾಲೆಯ ಶೌಚಾಲಯದ ಬೀಗದ ಕೈ ಸಂಜೆ ಆರರವರೆಗೆ ಯಾರ ಬಳಿ ಇರುತ್ತದೆ ಎಂಬ ಸಣ್ಣ ಸಂಗತಿಯ ಮೇಲೆ ಇಡೀ ತಂಡ ನಿಂತಿರುತ್ತದೆ. ತಾಲ್ಲೂಕು ಕ್ರೀಡಾಕೂಟಕ್ಕೆ ಹೋಗುವ ವಾಹನದಲ್ಲಿ ಒಬ್ಬ ಮಹಿಳಾ ಸದಸ್ಯರೋ ಶಿಕ್ಷಕಿಯೋ ಜೊತೆಗಿರಬೇಕು. ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳನ್ನು ಮನೆಯಿಂದ ಹೊರಗಿರಿಸುವ ರೂಢಿ ಇನ್ನೂ ಉಳಿದಿರುವ ಹಟ್ಟಿಗಳೂ ಈ ಭಾಗದಲ್ಲಿವೆ. ಅಂಥ ಹಟ್ಟಿಯ ಆಟಗಾರ್ತಿ ಪಂದ್ಯದ ದಿನ ಬರಲಾಗದಿದ್ದರೆ ಅವಳ ಹೆಸರನ್ನು ಹೊಡೆದುಹಾಕುವುದು ಅನ್ಯಾಯ. ಪಟ್ಟಿಯಲ್ಲಿ ಒಂಬತ್ತಕ್ಕೆ ನಿಲ್ಲದೆ ಬದಲಿ ಆಟಗಾರ್ತಿಯರನ್ನು ತುಂಬಿಸಿಟ್ಟುಕೊಂಡರೆ ತಂಡ ಮುರಿಯುವುದಿಲ್ಲ, ಮುಂದಿನ ಪಂದ್ಯಕ್ಕೆ ಅವಳು ಮರಳುತ್ತಾಳೆ. ರೂಢಿಯ ಕುರಿತು ಹಟ್ಟಿಯ ಹಿರಿಯರೊಡನೆ ಆಡಬೇಕಾದ ಮಾತು ಬೇರೆ ಇದೆ. ಅದನ್ನು ಮಹಿಳಾ ಸದಸ್ಯರು ಆಶಾ ಕಾರ್ಯಕರ್ತೆಯರೊಡಗೂಡಿ ಆಡುವುದು ಸೂಕ್ತ. ಆದರೆ ಆ ಮಾತು ಮುಗಿಯುವವರೆಗೂ ಹುಡುಗಿ ಆಟ ಬಿಟ್ಟು ಕಾಯಬೇಕಾಗಿಲ್ಲ.

ಸ್ಪರ್ಧೆಯೆಂದರೆ ಮೈದಾನದ್ದು ಮಾತ್ರವಲ್ಲ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಯುವಜನ ಮೇಳಗಳಲ್ಲಿ ಲಾವಣಿ, ಗೀಗೀಪದ, ಕೋಲಾಟ, ಭಜನೆ, ಸೋಬಾನೆ ಪದ, ರಾಗಿ ಬೀಸುವ ಪದ, ಡೊಳ್ಳು ಕುಣಿತ, ಚರ್ಮವಾದ್ಯ ಮೇಳ ಮೊದಲಾದ ಸ್ಪರ್ಧೆಗಳು ನಡೆಯುತ್ತವೆ. ಈ ಎರಡು ತಾಲ್ಲೂಕುಗಳು ಈ ವಿಷಯದಲ್ಲಿ ಬಡವಲ್ಲ. ಸಾವಿರಾರು ಪದಗಳನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡಿದ್ದ, ಅಕ್ಷರ ಕಲಿಯದ ಸಿರಿಯಜ್ಜಿ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವರಿಗೆ ನಾಡೋಜ ಗೌರವ ನೀಡಿತು. ಅವರ ಕಾಲದ ಹಾಡುಗಾರ್ತಿಯರು ಹಟ್ಟಿಗಳಲ್ಲಿ ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿರುವಾಗ, ಯುವಜನ ಮೇಳಕ್ಕೆಂದು ಮೊಬೈಲಿನಲ್ಲಿ ಯಾವುದೋ ಊರಿನ ಸೋಬಾನೆ ಪದವನ್ನು ಕೇಳಿ ಬಾಯಿಪಾಠ ಮಾಡುವುದು ಕೆರೆಯ ಪಕ್ಕದಲ್ಲಿ ಕುಳಿತು ನೀರಿನ ಟ್ಯಾಂಕರಿಗೆ ಕಾದಂತೆ. ಸಂಘದ ಹುಡುಗಿಯರು ತಮ್ಮ ಹಟ್ಟಿಯ ಅಜ್ಜಿಯ ಬಳಿ ನಾಲ್ಕು ಸಂಜೆ ಕುಳಿತು ಒಂದು ಪದ ಕಲಿತರೆ, ಬಹುಮಾನ ಬಂದರೂ ಬಾರದಿದ್ದರೂ ಆ ಪದ ಇನ್ನೊಂದು ತಲೆಮಾರಿಗೆ ಉಳಿಯಿತು. ಕಲಿಸಿದ ಅಜ್ಜಿಯ ಹೆಸರನ್ನು ವೇದಿಕೆಯಲ್ಲಿ ಹೇಳಿಸಬೇಕು.

ಉರುಮೆಯ ಮಾತೂ ಇಲ್ಲಿಯೇ ಬರುತ್ತದೆ. ಜಾತ್ರೆಯಲ್ಲಿ, ದೇವರ ಉತ್ಸವದಲ್ಲಿ ಉರುಮೆ ಬಾರಿಸುವವರನ್ನು ಸ್ಪರ್ಧೆಯ ದಿನ ಕರೆದು, ವಾದ್ಯ ಅವರಿಂದ ನುಡಿಸಿ, ಪ್ರಮಾಣಪತ್ರಕ್ಕೆ ಸಂಘದ ಪದಾಧಿಕಾರಿಗಳ ಹೆಸರನ್ನು ಬರೆಸುವುದಾದರೆ ಅದು ಕಳ್ಳತನ. ಆ ಕಾಗದಕ್ಕೆ ಮುಂದೆ ಬೆಲೆಯಿದೆ. ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕುವಾಗ ಎಷ್ಟು ವರ್ಷ, ಎಲ್ಲೆಲ್ಲಿ ನುಡಿಸಿದ್ದೆಂಬುದಕ್ಕೆ ದಾಖಲೆ ಬೇಕಾಗುತ್ತದೆ. ವಾದ್ಯದವರನ್ನು ಸಂಘದ ಸದಸ್ಯರನ್ನಾಗಿ ನೋಂದಾಯಿಸಿಕೊಂಡ ಮೇಲೆಯೇ ಆ ಸಂಘದ ಹೆಸರಿನಲ್ಲಿ ತಂಡ ಹೋಗತಕ್ಕದ್ದು.

ಹಣದ ವಿಚಾರ ಚಿಕ್ಕದು. ಗ್ರಾಮ ಪಂಚಾಯಿತಿಯ ಸ್ವಂತ ಸಂಪನ್ಮೂಲದಿಂದ ಸಂಘಗಳಿಗೆ ನಗದು ಕೊಡುವುದು ಬೇಡ. ಲೆಕ್ಕ ಪರಿಶೋಧನೆಯಲ್ಲಿ ಉತ್ತರಿಸುವುದು ಕಷ್ಟ, ಸಂಘದೊಳಗೆ ಜಗಳಕ್ಕೂ ಅದೇ ಮೂಲ. ಚೆಂಡು, ಬಲೆ, ಕಂಬ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳನ್ನು ಖರೀದಿಸಿ ದಾಸ್ತಾನು ವಹಿಯಲ್ಲಿ ದಾಖಲಿಸಿ, ಅರಿವು ಕೇಂದ್ರದಲ್ಲಿ ಇಟ್ಟು ಸಹಿ ಪಡೆದು ಕೊಡಲಿ. ಚದುರಂಗ, ರಸಪ್ರಶ್ನೆ, ಚರ್ಚಾಸ್ಪರ್ಧೆಗೆ ಆ ಕೇಂದ್ರವೇ ಅಂಕಣ. ಓಡಲಾಗದ, ಕಾಲು ಊನವಾದ ಹುಡುಗನೂ ತಂಡದವನಾಗುವುದು ಅಲ್ಲಿಯೇ.

ಕಾಲದ ಲೆಕ್ಕವನ್ನು ಮರೆಯಬಾರದು. ಮುಂಗಾರಿನಲ್ಲಿ ಬಿತ್ತಿದ ಶೇಂಗಾ ಕೀಳಲು ಬರುವುದು ಅಕ್ಟೋಬರ್, ನವೆಂಬರ್ ಹೊತ್ತಿಗೆ; ಆಗ ಅಭ್ಯಾಸಕ್ಕೆ ಕರೆದರೆ ಯಾವ ಮನೆಯವರೂ ಬಿಡುವುದಿಲ್ಲ. ಬೆಳೆ ಕೈಕೊಟ್ಟ ವರ್ಷ ಸಂಕ್ರಾಂತಿಯ ನಂತರ ಹುಡುಗರು ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಅಭ್ಯಾಸಕ್ಕೆ ಕರೆಯಲು ಯಾರೂ ಇರುವುದಿಲ್ಲ. ಬಿತ್ತನೆ ಮುಗಿದು ಕಳೆ ತೆಗೆಯುವ ಕೆಲಸ ತಗ್ಗಿದ ಆಗಸ್ಟ್ ತಿಂಗಳೇ ಆಯ್ಕೆ ಪಂದ್ಯಕ್ಕೆ ತಕ್ಕ ಕಾಲ. ದಸರಾ ಕ್ರೀಡಾಕೂಟಕ್ಕೂ ಅದು ಹೊಂದುತ್ತದೆ. ಗುಳೆ ಹೋದವನ ಹೆಸರನ್ನು ವಹಿಯಿಂದ ತೆಗೆಯದೆ, ಊರಿಗೆ ಬಂದಾಗ ಆಡುವ ಹಕ್ಕು ಉಳಿಯುವಂತೆ ಸಂಘಗಳಿಗೆ ತಿಳಿಸಬೇಕು.

ಆದ್ದರಿಂದ ಜುಲೈ ತಿಂಗಳ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಲಿ. ಪ್ರತಿ ವಾರ್ಡಿನ 15ರಿಂದ 29 ವರ್ಷದ ಆಸಕ್ತರ ಹೆಸರು, ವಾಸದ ಹಟ್ಟಿ ಅಥವಾ ಕಾಲೋನಿ, ಆಡುವ ಆಟ, ಹಾಡುವ ಪದ, ನುಡಿಸುವ ವಾದ್ಯ ಇಷ್ಟನ್ನು ಒಂದು ವಹಿಯಲ್ಲಿ ಬರೆಯಿಸಿ, ಗಂಡು ಹೆಣ್ಣು ಇಬ್ಬರಿಗೂ ಬೇರೆ ಬೇರೆ ಪುಟ ತೆರೆದಿಡಬೇಕು. ಖಾಲಿ ಉಳಿದ ಪುಟ ಯಾವ ವಾರ್ಡಿನದ್ದೋ ಆ ವಾರ್ಡಿನ ಸದಸ್ಯರು ಆ ವಾರವೇ ಅಲ್ಲಿಗೆ ಹೋಗಿ ಬರಲಿ. ಆಯ್ಕೆಯಾದ ತಂಡದ ಪಟ್ಟಿಯ ಒಂದು ಪ್ರತಿಯನ್ನು ತಾಲ್ಲೂಕು ಯುವ ಸಬಲೀಕರಣ ಮತ್ತು ಕ್ರೀಡಾಧಿಕಾರಿಗಳ ಕಚೇರಿಗೆ ಕಳುಹಿಸಿ, ಇನ್ನೊಂದನ್ನು ಪ್ರತಿ ಹಟ್ಟಿಯ, ತಾಂಡಾದ, ಕಾಲೋನಿಯ ಅಂಗನವಾಡಿ ಗೋಡೆಗೆ ಹುಡುಗರ ಕಣ್ಣಿಗೆ ಬೀಳುವ ಎತ್ತರದಲ್ಲಿ ಅಂಟಿಸಿ.